ಅಣ್ಣನ ಸ್ವೆಟರಿನ ಎರಡನೇ ತೋಳು

ನಮ್ಮ ಮನೆಗೆ ಹೊಸಬರು ಬಂದು ಕುರ್ಚಿಯಲ್ಲಿ ಕೂರಲು ಹೋದರೆ ನಾವೆಲ್ಲ ಒಟ್ಟಿಗೆ "ತಡೀರಿ, ತಡೀರಿ!" ಎಂದು ಕೂಗುತ್ತೇವೆ. ಬಂದವರು ಗಾಬರಿಯಾಗಿ ಅರ್ಧ ಬಗ್ಗಿದ ಭಂಗಿಯಲ್ಲೇ ನಿಂತುಬಿಡುತ್ತಾರೆ. ಆಗ ಅತ್ತಿಗೆ ಬಂದು ದಿಂಬಿನ ಸಂದಿಯಿಂದ ಎರಡು ಹೆಣಿಗೆ ಕಡ್ಡಿ, ಒಂದು ಅರೆಬರೆ ಕಾಲುಚೀಲ, ನೀಲಿ ಉಣ್ಣೆಯ ಒಂದು ಉಂಡೆಯನ್ನು ಎತ್ತಿಕೊಂಡು, "ಈಗ ಕೂತ್ಕೊಳ್ಳಿ, ಏನೂ ಚುಚ್ಚಲ್ಲ" ಎನ್ನುತ್ತಾರೆ.

ಡಿಗ್ರಿ ಓದಲೆಂದು ಹಳ್ಳಿಯಿಂದ ಬಂದು ಅಣ್ಣ ಅತ್ತಿಗೆಯ ಈ ಎರಡು ಕೋಣೆಯ ಮನೆ ಸೇರಿದ ದಿನ ನನ್ನನ್ನೂ ಹಾಗೆಯೇ ತಡೆದಿದ್ದರು. ನಾನು ಬಟ್ಟೆ ಇಡಲು ಕಪಾಟು ತೆರೆದೆ. ಒಳಗಿನಿಂದ ಉಂಡೆಗಳು ಒಂದರ ಹಿಂದೆ ಒಂದು ಉರುಳಿ ಮಂಚದ ಕೆಳಗೆ ಓಡಿದವು, ಕೊಟ್ಟಿಗೆಯ ಬಾಗಿಲು ತೆಗೆದರೆ ಕುರಿಮರಿಗಳು ನುಗ್ಗುವ ಹಾಗೆ. ಅಣ್ಣ ತಣ್ಣಗೆ ಹೇಳಿದ: "ನಿನ್ನ ಬಟ್ಟೆ ಸೂಟ್‌ಕೇಸಲ್ಲೇ ಇರಲಿ ಬಿಡು. ಈ ಮನೇಲಿ ನಾವು ಬಾಡಿಗೆಗಿರೋರು, ಉಣ್ಣೆ ಮನೆ ಯಜಮಾನ." ಓದು ಮುಗಿದು ನನಗೂ ಒಂದು ಕೆಲಸ ಸಿಕ್ಕಿದೆ. ಸೂಟ್‌ಕೇಸ್ ಇನ್ನೂ ಮಂಚದ ಕೆಳಗೇ ಇದೆ.

ಅತ್ತಿಗೆಗೆ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ದೂರು ಹೇಳುವವರ ಫೋನು ತೆಗೆದುಕೊಳ್ಳುವುದು. ಕಿವಿಗೆ ಫೋನು ಸಿಕ್ಕಿಸಿಕೊಂಡರೆ ಎರಡೂ ಕೈ ಬಿಡುವಾಗಿರುತ್ತವೆ. ಖಾಲಿ ಕೈ ಕಂಡರೆ ಅತ್ತಿಗೆಗೆ ಆಗುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯುವ ಜಾತಿಯವರೂ ಅಲ್ಲ. ಕಡಿಮೆಯೆಂದರೂ ನಾಲ್ಕೈದು ಹೆಣಿಗೆ ಒಟ್ಟಿಗೆ ನಡೆಯುತ್ತಿರುತ್ತವೆ, ಆದರೆ ಅದರಲ್ಲೊಂದು ಶಿಸ್ತಿದೆ. ಒಂದೊಂದು ಜಾಗಕ್ಕೆ ಒಂದೊಂದು ಕೆಲಸ.

ಆಫೀಸಿಗೆ ಹೋಗುವುದು ಕಂಬಳಿಯ ಚೌಕಗಳು. ಅವನ್ನು ಕಣ್ಣು ಮುಚ್ಚಿಕೊಂಡೂ ಹೆಣೆಯಬಹುದು. ಎಷ್ಟು ಜನ ಎಷ್ಟು ಬೈದರೂ ಲೆಕ್ಕ ತಪ್ಪುವ ಭಯವಿಲ್ಲ, ಯಾಕೆಂದರೆ ಅದರಲ್ಲಿ ಲೆಕ್ಕವೇ ಇಲ್ಲ. ಬಸ್ಸಿಗೆ ಯಾವಾಗಲೂ ಕ್ರೋಶ. "ಕ್ರೋಶದಲ್ಲಿ ಒಂದು ಕೊಕ್ಕೆ, ಒಂದೇ ಕುಣಿಕೆ. ಬಸ್ಸು ಹಳ್ಳಕ್ಕೆ ಬಿದ್ದು ಕೊಕ್ಕೆ ಜಾರಿದರೂ ಬಿಚ್ಚೋದು ಒಂದೇ ಕುಣಿಕೆ. ಕಡ್ಡಿ ಹೆಣಿಗೇಲಿ ಸಾಲುಸಾಲು ಕುಣಿಕೆ ಕಡ್ಡಿ ಮೇಲೆ ಕೂತಿರ್ತವೆ. ಒಂದು ಬ್ರೇಕ್ ಹಾಕಿದ್ರೆ ಎಲ್ಲಾ ಕೆಳಗೆ" ಎಂದು ಮೊದಲ ವಾರವೇ ನನಗೆ ಪಾಠವಾಗಿತ್ತು. ಹಾಲು ಕಾಯುವಾಗ ಕೈಯಲ್ಲಿ ಹತ್ತಿ ದಾರದ ಪಾತ್ರೆ ಒರೆಸುವ ಬಟ್ಟೆ ಇರುತ್ತದೆ. (ಹಾಲು ಉಕ್ಕಿದಾಗ ಒರೆಸಲು ಅದೇ ಬಟ್ಟೆ ಕೈಗೆ ಸಿಗುತ್ತದೆ ಎಂಬುದು ಅಣ್ಣನ ಟಿಪ್ಪಣಿ.) ಜಡೆಯಂತೆ ಹೆಣೆದುಕೊಳ್ಳುವ ವಿನ್ಯಾಸದ ದೊಡ್ಡ ಕೆಲಸಗಳು ಮಾತ್ರ ಮನೆಗೆ, ಸಂಜೆ ಕಾಲು ಚಾಚಿ ಕಿಟಕಿಯ ಪಕ್ಕ ಕುಳಿತಾಗ.

ಆ ದೊಡ್ಡ ಕೆಲಸಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಣ್ಣನ ಸ್ವೆಟರು. ಅಣ್ಣ ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣಿನ ಪೆಟ್ಟಿಗೆ ಜೋಡಿಸುವವನು. ಹೊರಗೆ ಎಂಥಾ ಸೆಕೆಯಿದ್ದರೂ ಅವನ ಹಗಲು ಕಳೆಯುವುದು ಚಳಿಯಲ್ಲಿ. ಅವನಿಗೆಂದು ದಪ್ಪ ಬೂದು ಉಣ್ಣೆಯಲ್ಲಿ ಶುರುವಾದ ಸ್ವೆಟರು ಬೆನ್ನು ಮುಗಿಸಿ, ಎದೆ ಮುಗಿಸಿ, ಒಂದು ತೋಳಿನವರೆಗೆ ಬಂದು ನಿಂತಿತ್ತು. ಯಾರದೋ ಮಗು ಹುಟ್ಟುತ್ತದೆ, ಟೋಪಿ ನುಗ್ಗುತ್ತದೆ. ಯಾರಿಗೋ ಮೊಣಕಾಲು ನೋವು, ಶಾಲು ನುಗ್ಗುತ್ತದೆ. ಅಣ್ಣ ಮಾತ್ರ ಸರದಿಯಲ್ಲಿ ಹಿಂದೆ ಹಿಂದೆ.

"ಈ ಊರಲ್ಲಿ ಒಂದು ಸೇತುವೆ ಮುಗೀತು, ಎರಡು ಆಸ್ಪತ್ರೆ ಮುಗಿದ್ವು. ನನ್ನ ಸ್ವೆಟರು ಮಾತ್ರ ಇನ್ನೂ ಕಾಮಗಾರಿ ಪ್ರಗತಿಯಲ್ಲಿದೆ" ಎನ್ನುತ್ತಿದ್ದ.

"ರೀ, ಒಂದು ತೋಳು ತಾನೇ ಬಾಕಿ. ಅಷ್ಟರವರೆಗೆ ಒಂದು ಕೈ ಜೇಬಲ್ಲಿ ಇಟ್ಕೊಳ್ಳಿ."

ಹೀಗೆ ನಡೆಯುತ್ತಿದ್ದ ಬದುಕಿಗೆ ಒಂದು ಶನಿವಾರ ಉಂಡೆ ಅಜ್ಜಿ ಕಿಡಿ ಹಚ್ಚಿದರು.

ಉಂಡೆ ಅಜ್ಜಿ ಎಂದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಉಣ್ಣೆ ಅಂಗಡಿ ಇಟ್ಟುಕೊಂಡಿರುವವರು. ಅಂಗಡಿಯ ಹಿಂಭಾಗದಲ್ಲಿ ಉದ್ದ ಮೇಜು ಹಾಕಿ ಪ್ರತಿ ಭಾನುವಾರ ಮಧ್ಯಾಹ್ನ ಹೆಣಿಗೆ ಕಲಿಸುತ್ತಿದ್ದರು. ಈಚೆಗೆ ಅವರ ಬೆರಳಿನ ಗಂಟುಗಳು ಊದಿಕೊಂಡು ಕಡ್ಡಿ ಹಿಡಿಯಲಾಗುತ್ತಿರಲಿಲ್ಲ. ಆ ಶನಿವಾರ ನಾನೂ ಜೊತೆಗಿದ್ದೆ. ಅತ್ತಿಗೆ ಹಸಿರು ಉಂಡೆಯೊಂದನ್ನು ಕೆನ್ನೆಗೆ ಒತ್ತಿ ಮೃದುವಾಗಿದೆಯೇ ಎಂದು ನೋಡುತ್ತಿದ್ದಾಗ ಅಜ್ಜಿ ಕನ್ನಡಕದ ಮೇಲಿಂದ ದಿಟ್ಟಿಸಿ ಕೇಳಿದರು:

"ಏನಮ್ಮ, ಭಾನುವಾರದ ಕ್ಲಾಸು ನೀನು ತಗೋತೀಯಾ?"

ಉಂಡೆ ಅತ್ತಿಗೆಯ ಕೆನ್ನೆಯಲ್ಲೇ ಉಳಿಯಿತು. "ನಾನಾ?"

"ಇಲ್ಲಿ ಇನ್ಯಾರಿದಾರೆ? ಕಲಿಯೋರು ಇದಾರೆ, ಕಲಿಸೋಕೆ ನನ್ನ ಬೆರಳು ಕೇಳ್ತಿಲ್ಲ. ನಿನ್ನ ಕೈ ಒಳ್ಳೇದು ಅಂತ ಗೊತ್ತು. ಆದ್ರೆ..." ಅಜ್ಜಿ ಬೆರಳೆತ್ತಿದರು. "ಇಷ್ಟು ವರ್ಷದಿಂದ ನೀನು ನನ್ನ ಹತ್ರ ಉಣ್ಣೆ ಒಯ್ದಿದೀಯ. ಶುರು ಮಾಡಿದ್ದು ಎಷ್ಟೋ ತೋರಿಸಿದೀಯ. ದೊಡ್ಡದು ಒಂದು ಮುಗಿಸಿದ್ದು ನಾನು ನೋಡಿಲ್ಲ. ಮುಗಿಸೋಕೆ ಬರದವರು ಶುರು ಮಾಡೋದನ್ನ ಮಾತ್ರ ಕಲಿಸ್ತಾರೆ. ನಾಳೆ ಬಿಟ್ಟು ಮುಂದಿನ ಭಾನುವಾರ ಕ್ಲಾಸಿನ ಹೊತ್ತಿಗೆ ಒಂದು ಪೂರ್ತಿ ಸ್ವೆಟರು, ಎರಡೂ ತೋಳಿನದು, ಒಬ್ಬ ಮನುಷ್ಯನ ಮೈಮೇಲೆ ತೊಡಿಸಿ ಕರ್ಕೊಂಡು ಬಾ. ಕುರ್ಚಿ ನಿಂದು. ಇಲ್ಲಾಂದ್ರೆ ಬಂದೋರಿಗೆಲ್ಲ ಕೈ ಮುಗಿದು ಕ್ಲಾಸು ನಿಲ್ಲಿಸ್ತೀನಿ."

ಮನೆಗೆ ಬರುವ ಬಸ್ಸಿನಲ್ಲಿ ಅತ್ತಿಗೆ ಕ್ರೋಶ ಹೊರತೆಗೆಯಲೇ ಇಲ್ಲ. ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕುಳಿತಿದ್ದರು. ಇಳಿಯುವ ನಿಲ್ದಾಣ ಹತ್ತಿರ ಬಂದಾಗ ಒಮ್ಮೆಲೇ ನನ್ನ ಕಡೆ ತಿರುಗಿದರು. "ಕಾಲೇಜಮ್ಮ," ಅವರು ನನ್ನನ್ನು ಕರೆಯುವುದೇ ಹಾಗೆ, "ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಹತ್ರ ಮಾತಾಡೋರೆಲ್ಲ ಬೈಯೋಕೆ ಅಂತಾನೇ ಮಾತಾಡ್ತಾರೆ. ಅವರ ತಪ್ಪಲ್ಲ, ನಲ್ಲೀಲಿ ನೀರು ಬರದಿದ್ರೆ ನಾನೂ ಬೈತಿದ್ದೆ. ಆದ್ರೆ ವಾರಕ್ಕೆ ಒಂದು ದಿನ, ಒಂದೇ ಒಂದು ದಿನ, ಏನೋ ಬೇಕು ಅಂತ ಖುಷಿಯಿಂದ ಬಂದು ಕೂತಿರೋರ ಜೊತೆ ಮಾತಾಡೋದು ಅಂದ್ರೆ..."  ಅವರ ಕಣ್ಣುಗಳು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ನನಗೆ ಅವರ ಆಸೆಯ ಆಳ ಅರ್ಥವಾದದ್ದು ಆಗಲೇ.

ಅಣ್ಣನಿಗೆ ಸುದ್ದಿ ಹೇಳಿದಾಗ ಅವನು ತಟ್ಟೆಯಿಂದ ತಲೆಯೆತ್ತದೆ, "ಅಂದ್ರೆ ನನ್ನ ಸ್ವೆಟರು ಮುಗಿಯುತ್ತೆ?" ಎಂದ.

"ಮುಗಿಯುತ್ತೆ!"

"ಆ ಅಜ್ಜಿ ಕಾಲಿಗೆ ಬೀಳ್ಬೇಕು."

ಭುಜದ ಹತ್ತಿರ ಕುಣಿಕೆಗಳನ್ನು ಎತ್ತಿಕೊಂಡು, ಸುತ್ತು ಸುತ್ತಾಗಿ ಹೆಣೆಯುತ್ತಾ ಮುಂಗೈವರೆಗೆ ಇಳಿದುಬಂದರೆ ತೋಳು ತಯಾರು. ಮರುದಿನ ಭಾನುವಾರ ಮನೆಯಲ್ಲೇ ಶುರುವಾಯಿತು. ಆದರೆ ಸಂಜೆಯ ಹೊತ್ತು ಮಾತ್ರ ಹೆಣೆದರೆ ಮುಗಿಯುವುದಿಲ್ಲವೆಂದು ಅತ್ತಿಗೆಗೆ ಹೊಳೆಯಿತು. ಸೋಮವಾರ ತಮ್ಮ ಶಿಸ್ತನ್ನು ತಾವೇ ಮುರಿದು, ಕಂಬಳಿಯ ಚೌಕಗಳನ್ನು ಮನೆಯಲ್ಲಿ ಬಿಟ್ಟು, ಇಡೀ ಸ್ವೆಟರನ್ನು ಚೀಲಕ್ಕೆ ತುರುಕಿ ಆಫೀಸಿಗೆ ಹೊರಟರು.

ಅದೇ ಸೋಮವಾರ ಊರಿಗೆ ನೀರು ತರುವ ದೊಡ್ಡ ಪೈಪು ಒಡೆಯಿತು.

ಬುಧವಾರ ಅತ್ತಿಗೆ ಮರೆತುಹೋದ ಊಟದ ಡಬ್ಬಿ ಕೊಡಲು ನಾನು ಅವರ ಆಫೀಸಿಗೆ ಹೋಗಿದ್ದೆ. ಫೋನುಗಳು ಒಂದರ ಬಾಯಿಗೆ ಒಂದು ಬಾಯಿ ಕೊಟ್ಟು ಅರಚುತ್ತಿದ್ದವು. ಪಕ್ಕದ ಮೇಜಿನ ದಪ್ಪ ಮೀಸೆಯವರು ಪ್ರತಿ ಕರೆಗೂ ಎದ್ದು ನಿಂತು ಕ್ಷಮೆ ಕೇಳುತ್ತಿದ್ದರು, ಕರೆ ಮಾಡಿದವರು ಎದುರಿಗೇ ಇದ್ದಾರೆನ್ನುವ ಹಾಗೆ. ಅತ್ತಿಗೆಯ ತೊಡೆಯ ಮೇಲೆ ಸ್ವೆಟರು, ಕೈಯಲ್ಲಿ ಕಡ್ಡಿಗಳು ಕತ್ತಿವರಸೆ ಮಾಡುತ್ತಿದ್ದವು. ಅವರ ಕಿವಿಯ ಫೋನಿನೊಳಗಿನ ದನಿ ನನಗೂ ಕೇಳುತ್ತಿತ್ತು.

"ಮೂರು ದಿನದಿಂದ ಸ್ನಾನ ಇಲ್ಲ! ನಿಮಗೇನಾದ್ರೂ ಗೊತ್ತಾ?"

"ಗೊತ್ತು ಸರ್. ಯಾವ ರಸ್ತೆ ಸರ್ ನಿಮ್ಮದು?"

"ರಸ್ತೆ ಗೊತ್ತಿಲ್ಲದೆ ಅಲ್ಲಿ ಕೂತ್ಕೊಂಡು ಏನ್ ಮಾಡ್ತಿದೀರಾ?"

ಅತ್ತಿಗೆ ಕೈಯಲ್ಲಿದ್ದುದನ್ನು ನೋಡಿಕೊಂಡರು. ನಿಜ ಹೇಳುವ ಹಾಗಿರಲಿಲ್ಲ. "ನಿಮಗೋಸ್ಕರನೇ ಕೂತಿದೀನಿ ಸರ್" ಎಂದರು. ಕಡ್ಡಿಗಳು ಇನ್ನೂ ಜೋರಾಗಿ ಓಡಿದವು. ಕರೆಗಳ ನಡುವೆ ನನ್ನ ಕಡೆ ನೋಡಿ, ಬೆವರಿನ ಮುಖದಲ್ಲೇ ನಕ್ಕು, ತೋಳನ್ನೆತ್ತಿ ತೋರಿಸಿದರು. ಮೊಣಕೈವರೆಗೆ ಇಳಿದಿತ್ತು! ಇಂಥಾ ವೇಗವನ್ನು ನಾನು ಕಂಡೇ ಇರಲಿಲ್ಲ.

ಆ ವಾರ ಅಣ್ಣನಿಗೆ ಎರಡನೇ ಪಾಳಿ. ಅತ್ತಿಗೆ ಮನೆಗೆ ಬರುವ ಹೊತ್ತಿಗೆ ಅವನು ಹೋಗಿರುತ್ತಿದ್ದ. ತೋಳನ್ನು ಅವನ ಕೈಗೆ ಹಾಕಿ ನೋಡುವ ಸಂದರ್ಭವೇ ಬರಲಿಲ್ಲ. ಶನಿವಾರ ಮಧ್ಯಾಹ್ನ ಮುಂಗೈ ಪಟ್ಟಿಯೂ ಮುಗಿದು, ಕೊನೆಯ ದಾರ ಕತ್ತರಿಸಿ, ಅತ್ತಿಗೆ ಸ್ವೆಟರನ್ನು ಮಂಚದ ಮೇಲೆ ಹಾಸಿ ಕೈತಟ್ಟಿದರು. ಸಂಜೆ ಅಣ್ಣ ಬಿಡುವಾಗಿದ್ದ. "ಹಾಕ್ಕೊಳ್ಳಿ ರೀ! ಹಾಕ್ಕೊಳ್ಳಿ!"

ಅಣ್ಣ ತಲೆ ತೂರಿಸಿದ. ಎಡಗೈ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಬಲಗೈ ಮೊಣಕೈ ದಾಟಿ ಸಿಕ್ಕಿಕೊಂಡಿತು. ಅವನು ತಳ್ಳಿದ, ಅತ್ತಿಗೆ ಎಳೆದರು, ನಾನು ಹಿಂದಿನಿಂದ ಭುಜ ಒತ್ತಿದೆ. ಕೊನೆಗೂ ಕೈ ಹೊರಬಂತು. ಆದರೆ ಪಟ್ಟಿ ಮುಂಗೈಯಿಂದ ಬಹಳ ಮೇಲೆ ನಿಂತಿತ್ತು. ಅವನು ಕೈ ಮಡಿಸಲು ನೋಡಿದ, ಕೈ ಮಡಿಯಲಿಲ್ಲ.

"ಇದು ಯಾರ ಕೈಗೆ ಹೆಣೆದದ್ದು?" ಅಣ್ಣ ಗೊಂಬೆಯ ಹಾಗೆ ಕೈ ಚಾಚಿಕೊಂಡು ಕೇಳಿದ. "ಇದರಲ್ಲಿ ನಾನು ಊಟ ಹೇಗೆ ಮಾಡಲಿ? ನೀನು ತಿನ್ನಿಸ್ತೀಯಾ?"

ಅತ್ತಿಗೆ ನಗಲಿಲ್ಲ. ಸ್ವೆಟರನ್ನು ಬಿಚ್ಚಿಸಿ ಎರಡೂ ತೋಳುಗಳನ್ನು ಒಂದರ ಮೇಲೊಂದು ಇಟ್ಟರು. ಕುಣಿಕೆಗಳನ್ನು ಎಣಿಸಿದರು, ಸರಿಯಾಗಿದ್ದವು. ಸಾಲುಗಳನ್ನು ಎಣಿಸಿದರು, ಅವೂ ಸರಿ. ಕಡ್ಡಿ ಅದೇ, ಉಣ್ಣೆ ಅದೇ. ಆದರೂ ಒಂದು ತೋಳು ಅಣ್ಣನದು, ಇನ್ನೊಂದು ಅವನ ತಮ್ಮನದು ಎಂಬಂತಿತ್ತು. ಆಮೇಲೆ ಅತ್ತಿಗೆ ಬೆರಳನ್ನು ಭುಜದಿಂದ ನಿಧಾನವಾಗಿ ಕೆಳಗೆ ಇಳಿಸುತ್ತಾ ಹೋದರು.

"ಇಲ್ಲಿವರೆಗೂ ಸರಿಯಾಗಿದೆ. ಇದು ಭಾನುವಾರ ಮನೇಲಿ ಮಾಡಿದ್ದು." ಬೆರಳು ಇಳಿಯಿತು. "ಇಲ್ಲಿ ಪೈಪು ಒಡೀತು." ಇನ್ನೂ ಇಳಿಯಿತು. "ಇದು ಮಂಗಳವಾರ ಒಬ್ಬ ಮೇಷ್ಟ್ರು ಅರ್ಧ ಗಂಟೆ ಬೈದದ್ದು. ಇಲ್ಲಿ ನೋಡು, ಹಲಗೆ ಆಗಿದೆ. ಇದು ಸ್ನಾನ ಇಲ್ಲ ಅಂದ ಮನುಷ್ಯ."

ನಾನು ಮುಟ್ಟಿ ನೋಡಿದೆ. ನಿಜ. ಬೈಗುಳ ಬಿದ್ದಷ್ಟೂ ಅತ್ತಿಗೆಯ ಕೈ ದಾರವನ್ನು ಬಿಗಿದು ಎಳೆದಿತ್ತು. ಊರಿನ ಸಿಟ್ಟೆಲ್ಲ ಆ ತೋಳಿನಲ್ಲಿ ಸುತ್ತಿಕೊಂಡು ಕುಳಿತಿತ್ತು. ಕಂಬಳಿಯ ಚೌಕಗಳೂ ಹೀಗೇ ಒಂದು ಚಿಕ್ಕದು ಒಂದು ದೊಡ್ಡದು ಆಗುತ್ತಿದ್ದವಂತೆ. ಆದರೆ ಕಂಬಳಿಗೆ ಕೈಕಾಲು ಇಲ್ಲವಲ್ಲ, ಯಾರೂ ಕೇಳಿರಲಿಲ್ಲ.

"ನೆನೆಸಿ ಎಳೆದು ಒಣಗಿಸಿದ್ರೆ?" ಅಣ್ಣ ಮೆಲ್ಲಗೆ ಕೇಳಿದ.

"ಎಳೆದ್ರೆ ಸ್ವಲ್ಪ ಬರುತ್ತೆ ರೀ, ಇಷ್ಟೆಲ್ಲ ಬರಲ್ಲ. ಅಜ್ಜಿ ಕಣ್ಣಿಗೆ ಮಣ್ಣೆರಚೋಕೆ ಆಗುತ್ತಾ?" ಅತ್ತಿಗೆ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಇನ್ನೇನು ಅಳುತ್ತಾರೆ ಎಂದುಕೊಂಡೆ. ಅವರು ಎದ್ದು ಕತ್ತರಿ ತಂದರು. "ಬಿಚ್ಚೋಣ. ನಾಳೆ ಮಧ್ಯಾಹ್ನದವರೆಗೂ ಸಮಯ ಇದೆ. ದಪ್ಪ ಉಣ್ಣೆ, ಬೇಗ ಇಳಿಯುತ್ತೆ. ಕಾಲೇಜಮ್ಮ, ನೀರು ಕಾಯೋಕಿಡು. ರೀ, ಈ ತುದಿ ಹಿಡ್ಕೊಂಡು ಎಳೀತಾ ಹೋಗಿ."

ಅಣ್ಣ ದಾರ ಎಳೆದ. ಸರಸರನೆ ತೋಳು ಕರಗತೊಡಗಿತು. "ಅಯ್ಯೋ ನನ್ನ ಕೈ! ಹೋಯ್ತು ನನ್ನ ಕೈ!" ಎಂದು ಅವನು ಕೂಗುತ್ತಿದ್ದರೆ ನನಗೆ ನಗು ತಡೆಯಲಾಗಲಿಲ್ಲ. ಬಿಚ್ಚಿದ ದಾರ ಸುಕ್ಕುಸುಕ್ಕಾಗಿರುತ್ತದೆ, ಹಾಗೇ ಹೆಣೆದರೆ ನಯ ಬರುವುದಿಲ್ಲ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಕುದಿಯುವ ನೀರಿನ ಆವಿಯ ಮೇಲೆ ಹಿಡಿದೆವು. ಕಣ್ಣೆದುರೇ ದಾರ ಮೈಮುರಿದು ನೆಟ್ಟಗಾಯಿತು. ಫ್ಯಾನಿನ ಕೆಳಗೆ ಹರಡಿದೆವು. ಅಡುಗೆಮನೆಯ ತುಂಬ ಒದ್ದೆ ಕುರಿಯ ವಾಸನೆ. ಊರು ನೆನಪಾಗಿ ನನಗೆ ಒಳಗೊಳಗೇ ಖುಷಿಯಾಯಿತು.

ಬೆಳಕು ಹರಿಯುತ್ತಿದ್ದಂತೆ ಅತ್ತಿಗೆ ಕಿಟಕಿಯ ಪಕ್ಕ ಕುಳಿತರು. ಆದರೆ ಕೆಲವು ಸುತ್ತು ಹೆಣೆದು ಹಳೆಯ ತೋಳಿನ ಪಕ್ಕ ಹಿಡಿದು ನೋಡಿದರೆ, ಮತ್ತೆ ಬಿಗಿ! ಈಗ ಯಾರೂ ಬೈಯುತ್ತಿರಲಿಲ್ಲ. ಮುಗಿಯುತ್ತದೋ ಇಲ್ಲವೋ ಎಂಬ ಆತಂಕವೇ ಬೆರಳನ್ನು ಬಿಗಿದಿತ್ತು.

"ಸಡಿಲ ಬಿಡಿ ಅತ್ತಿಗೆ" ಎಂದೆ.

"ಸಡಿಲ ಬಿಡು ಅಂದ್ರೆ ಬಿಡೋಕೆ ಅದೇನು ಹಸುವಿನ ಹಗ್ಗನಾ? ನಾನು ಬಿಗಿ ಮಾಡ್ತಿಲ್ಲ, ಅದೇ ಆಗ್ತಿದೆ!"

"ಮೊದಲನೇ ತೋಳು ಹೆಣೆಯುವಾಗ ಏನ್ ಮಾಡ್ತಿದ್ರಿ?"

ಅತ್ತಿಗೆ ನೆನಪಿಸಿಕೊಂಡರು. "ನೀನು ಪರೀಕ್ಷೆ ಮುಗಿಸಿ ಬಂದಿದ್ದೆ ನೋಡು, ನಿಮ್ಮ ಕಾಲೇಜಿನ ಗುಮಾಸ್ತನ ಹಾಗೆ ನಡೆದು ತೋರಿಸ್ತಿದ್ದೆ. ನಕ್ಕು ನಕ್ಕು ಸಾಕಾಗಿತ್ತು."

ನಾನೂ ಅಣ್ಣನೂ ಮುಖಮುಖ ನೋಡಿಕೊಂಡೆವು. ಕೆಲಸ ಏನೆಂದು ತಿಳಿದುಹೋಯಿತು.

ನನ್ನ ಅಣ್ಣ ಕಡಿಮೆ ಮಾತಿನವನು. ಚಳಿಯಲ್ಲಿ ಬಾಯಿ ತೆರೆದರೆ ಹಲ್ಲು ಜುಮ್ಮೆನ್ನುತ್ತವೆ ಎಂದು ಕೆಲಸದಲ್ಲಿ ಅಭ್ಯಾಸವಾದ ಮೌನ ಮನೆಗೂ ಬಂದಿತ್ತು. ಅಂಥವನು ಅತ್ತಿಗೆಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಗಂಟಲು ಸರಿಮಾಡಿಕೊಂಡ.

"ನಮ್ಮಲ್ಲಿ ಹೊಸ ಮ್ಯಾನೇಜರು ಬಂದ. ಮೊದಲ ದಿನ ಎಲ್ರನ್ನೂ ಒಳಗಡೆ ಚಳಿ ಕೋಣೇಲೇ ನಿಲ್ಲಿಸಿದ, ಭಾಷಣ ಮಾಡೋಕೆ. ಬಾಯಲ್ಲಿ ಚೂಯಿಂಗ್ ಗಮ್ ಇತ್ತು. 'ನಾವೆಲ್ಲರೂ' ಅಂದ. ಅಷ್ಟೇ. ಗಮ್ಮು ಕಲ್ಲಾಯ್ತು, ಹಲ್ಲು ಅಂಟಿಕೊಳ್ತು. ಆಮೇಲೆ ಬರೀ ಕೈ ಆಡಿಸ್ದ. ನಾವೆಲ್ರೂ ಜೋರಾಗಿ ಚಪ್ಪಾಳೆ ತಟ್ಟಿದ್ವಿ. ಇವತ್ತಿಗೂ ಅಷ್ಟು ಒಳ್ಳೆ ಭಾಷಣ ಅಲ್ಲಿ ಯಾರೂ ಮಾಡಿಲ್ಲ."

ಅತ್ತಿಗೆ ಕಿಸಕ್ಕನೆ ನಕ್ಕರು. ಭುಜ ಇಳಿಯಿತು. ನಾನು ಟೇಪು ಹಿಡಿದು ಅಳೆದೆ. "ಸರಿಯಾಯ್ತು! ಅಣ್ಣ, ಇನ್ನೊಂದು!"

ಅಲ್ಲಿಂದ ಶುರುವಾದದ್ದು ನಾನು ಕಂಡ ಅತ್ಯಂತ ಗಡಿಬಿಡಿಯ ಬೆಳಿಗ್ಗೆ. ಬಗಲಲ್ಲಿ ಹಣ್ಣು ಅಡಗಿಸಿ ಕದ್ದೊಯ್ಯಲು ಹೋಗಿ, ಅದು ಅಲ್ಲೇ ಹೆಪ್ಪುಗಟ್ಟಿ ಸಿಕ್ಕಿಬಿದ್ದ ಲಾರಿ ಡ್ರೈವರನ ಕತೆಯನ್ನು ಅಣ್ಣ ಹೇಳಿದ. ನಾನು ಗುಮಾಸ್ತನ ಹಾಗೆ ನಡೆದೆ, ಮತ್ತೆ ನಡೆದೆ, ಬಾಡಿಗೆ ಮನೆಯ ಯಜಮಾನಿ ಮೆಟ್ಟಿಲು ಹತ್ತುವ ಹಾಗೆ ಏದುಸಿರು ಬಿಟ್ಟೆ. ತೋಳು ಇಳಿಯತೊಡಗಿತು. ಒಂದು ಸಲ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಾಗ ಆ ಸುತ್ತು ಬಲೆಯ ಹಾಗೆ ಸಡಿಲವಾಗಿ, "ಇಷ್ಟು ನಗಿಸ್ಬೇಡ್ರಪ್ಪಾ, ಮೀನು ಹಿಡಿಯೋಕೆ ಹೋಗ್ಬೇಕಾಗುತ್ತೆ!" ಎಂದು ಅದನ್ನು ಬಿಚ್ಚಿ ಮತ್ತೆ ಹೆಣೆದರು.

ಮೊಣಕೈ ದಾಟುವಾಗ ಅಣ್ಣನ ಬತ್ತಳಿಕೆ ಖಾಲಿಯಾಯಿತು. ಹುಮ್ಮಸ್ಸಿನಲ್ಲಿ ಹೇಳಬಾರದ್ದನ್ನು ಹೇಳಿಬಿಟ್ಟ. "ನೀನು ನನಗೆ ಮೊದಲು ಹೆಣೆದುಕೊಟ್ಟ ಟೋಪಿ ಕಳೆದುಹೋಯ್ತು ಅಂದಿದ್ನಲ್ಲ? ಕಳೆದಿಲ್ಲ. ತಲೆಗೆ ದೊಡ್ಡದಾಗಿತ್ತು. ನಮ್ಮ ತೂಕದ ಯಂತ್ರಕ್ಕೆ ಹೊದಿಸಿದೀವಿ. ಚಳೀಲಿ ಅದರ ಮುಳ್ಳು ಹಿಡ್ಕೊಳ್ತಿತ್ತು, ಈಗ ಸೊಗಸಾಗಿ ತೂಗುತ್ತೆ."

ಕಡ್ಡಿಗಳು ನಿಂತವು. "ಯಂತ್ರಕ್ಕೆ?"

"ಬೆಚ್ಚಗಿದೆ ಅಂತ..."

"ನಾನು ಕಣ್ಣು ನೋಯಿಸ್ಕೊಂಡು ಹೆಣೆದ ಟೋಪಿ, ಯಂತ್ರಕ್ಕೆ?" ಕಡ್ಡಿಗಳು ಮತ್ತೆ ಓಡಿದವು, ಕತ್ತಿವರಸೆಯ ವೇಗದಲ್ಲಿ.

"ಅಣ್ಣ! ಬಿಗಿಯಾಗ್ತಿದೆ! ಬೇರೆ ಏನಾದ್ರೂ ಹೇಳು, ಬೇಗ!" ಎಂದು ನಾನು ಕೂಗಿದೆ.

ಅಣ್ಣ ಹೆದರಿ, ಬೇರೇನೂ ತೋಚದೆ, ಎದ್ದು ನಿಂತು ಆ ಮ್ಯಾನೇಜರನ ಭಾಷಣವನ್ನು ಕೈ ಆಡಿಸಿ ಅಭಿನಯಿಸಿದ. ಅತ್ತಿಗೆ ತುಟಿ ಕಚ್ಚಿಕೊಂಡರು, ತಡೆದರು, ಆಮೇಲೆ ಆಗದೆ ನಕ್ಕುಬಿಟ್ಟರು. ಆ ಒಂದೆರಡು ಸುತ್ತನ್ನು ಬಿಚ್ಚಲು ಸಮಯವಿರಲಿಲ್ಲ. ಹಾಗೇ ಬಿಟ್ಟೆವು.

ಹೊರಡುವ ಹೊತ್ತಾದಾಗ ತೋಳು ಮುಗಿದಿತ್ತು, ಮುಂಗೈ ಪಟ್ಟಿ ಬಾಕಿ. ಅತ್ತಿಗೆ ಅಣ್ಣನಿಗೆ ಸ್ವೆಟರು ತೊಡಿಸಿಯೇ ಬಿಟ್ಟರು. ಪಟ್ಟಿಗೆ ನಾಲ್ಕು ಗಿಡ್ಡ ಕಡ್ಡಿಗಳು, ಅವು ಅವನ ಮುಂಗೈ ಸುತ್ತ ಮುಳ್ಳಿನ ಬಳೆಯ ಹಾಗೆ ನಿಂತಿದ್ದವು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ದಪ್ಪ ಸ್ವೆಟರು ತೊಟ್ಟು, ಟ್ರಾಫಿಕ್ ಪೊಲೀಸನಂತೆ ಬಲಗೈ ಚಾಚಿಕೊಂಡು ಅಣ್ಣ ಬಸ್ಸು ಹತ್ತಿದ. ಪಕ್ಕದಲ್ಲಿ ಕುಳಿತು ಅತ್ತಿಗೆ ಅವನ ಕೈಯ ಮೇಲೆಯೇ ಹೆಣೆಯತೊಡಗಿದರು.

"ಬಸ್ಸಿನಲ್ಲಿ ಕಡ್ಡಿ ಹೆಣಿಗೆ ಬೇಡ ಅಂತಿದ್ರಿ" ಎಂದೆ.

"ಇವತ್ತು ಒಂದಿನ ದೇವರು ಕಣ್ಮುಚ್ಚಿಕೊಳ್ಳಲಿ."

ದೇವರು ಮುಚ್ಚಿಕೊಳ್ಳಲಿಲ್ಲ. ತಿರುವಿನಲ್ಲಿ ಡ್ರೈವರು ಬ್ರೇಕ್ ಒತ್ತಿದ, ಒಂದು ಕಡ್ಡಿ ಜಾರಿ ಟಣ್ ಎಂದು ಕೆಳಗೆ ಬಿದ್ದು ಉರುಳಿತು. ಬರಿಗುಣಿಕೆಗಳು ಬಾಯಿ ಬಿಟ್ಟುಕೊಂಡು ಗಾಳಿಯಲ್ಲಿ ನಿಂತವು. ಒಂದನ್ನು ಎಳೆದರೆ ಸಾಕು, ಸಾಲಾಗಿ ಎಲ್ಲ ಬಿಚ್ಚಿಹೋಗುತ್ತಿದ್ದವು.

"ಯಾರೂ ಅಲ್ಲಾಡ್ಬೇಡಿ!" ಅತ್ತಿಗೆ ಕೂಗಿದರು. ಬಸ್ಸಿಗೆ ಬಸ್ಸೇ ಕಾಲೆತ್ತಿಕೊಂಡಿತು. ಕಂಡಕ್ಟರು ಹೆದರಿ, "ಏನಮ್ಮಾ, ಹಾವಾ?" ಎಂದ.

"ಕಡ್ಡಿ ಸರ್, ಹೆಣಿಗೆ ಕಡ್ಡಿ! ಇಷ್ಟುದ್ದದ್ದು!"

ಸೀಟಿನ ಕೆಳಗೆ ತಲೆಗಳು ಬಗ್ಗಿದವು. "ಇಲ್ಲಿಲ್ಲ", "ಈ ಕಡೆ ಬಂತು", "ಅಯ್ಯೋ ಅದು ನನ್ನ ಛತ್ರಿ ರೀ ಬಿಡಿ". ಕೊನೆಗೆ ಹಿಂದಿನ ಸಾಲಿನ ಹೆಂಗಸೊಬ್ಬರು ವಿಜಯದಿಂದ ಕಡ್ಡಿ ಎತ್ತಿ ಹಿಡಿದರು. ಅದು ಕೈಯಿಂದ ಕೈಗೆ ದಾಟಿ ಮುಂದೆ ಬಂತು. ಅತ್ತಿಗೆ ಉಸಿರು ಬಿಗಿಹಿಡಿದು ಒಂದೊಂದೇ ಕುಣಿಕೆಯನ್ನು ಮತ್ತೆ ಕಡ್ಡಿಗೆ ಏರಿಸುವವರೆಗೂ ಡ್ರೈವರು, ಯಾರೂ ಹೇಳದೆ, ಬಸ್ಸನ್ನು ಅಲ್ಲೇ ಹಿಡಿದಿಟ್ಟಿದ್ದ.

ನಾವು ಅಂಗಡಿಯೊಳಗೆ ಹೋದಾಗ ಉದ್ದ ಮೇಜಿನ ಸುತ್ತ ಕಲಿಯುವವರು ಕುಳಿತಾಗಿತ್ತು. ದಂತ ಚಿಕಿತ್ಸಾಲಯದ ಇಬ್ಬರು ನರ್ಸುಗಳು, ನಿವೃತ್ತ ಬಸ್ ಡ್ರೈವರೊಬ್ಬರು, ಬೀದಿಯ ತುದಿಯ ಬೇಕರಿಯವರ ಹೆಂಡತಿ. ಉಂಡೆ ಅಜ್ಜಿ ಮೇಜಿನ ತಲೆಯ ಕಡೆ ತಮ್ಮ ಕುರ್ಚಿಯಲ್ಲಿ. ಅಣ್ಣನ ಮುಂಗೈಯಲ್ಲಿ ಇನ್ನೂ ಕಡ್ಡಿಗಳಿದ್ದುದನ್ನು ನೋಡಿ ಅಜ್ಜಿ ಹುಬ್ಬೇರಿಸಿದರು. "ಇದೇನು, ಕಾಮಗಾರಿ ಸಮೇತ ಬಂದಿದೀಯ?"

"ಕ್ಲಾಸಿನ ಹೊತ್ತಿಗೆ ಅಂದಿದ್ರಿ. ಇನ್ನೂ ಶುರು ಆಗಿಲ್ವಲ್ಲ ಅಜ್ಜಿ" ಎಂದ ಅತ್ತಿಗೆ ನಿಂತಲ್ಲೇ ಅಣ್ಣನ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೆಣೆದರು. ಕಲಿಯುವವರೆಲ್ಲ ಎದ್ದು ಬಂದು ಸುತ್ತುವರಿದರು. ನರ್ಸುಗಳಲ್ಲಿ ಒಬ್ಬಳು, "ನೋವಾಗ್ತಿದೆಯಾ ಸರ್?" ಎಂದು ಅಭ್ಯಾಸಬಲದಿಂದ ಕೇಳಿದಳು. ಅಣ್ಣ ಬೆವರು ಸುರಿಸುತ್ತಾ, "ಇಷ್ಟು ವರ್ಷ ಕಾದಿದೀನಮ್ಮ, ಇದೇನು ಮಹಾ" ಎಂದ. ಕೊನೆಯ ಸುತ್ತು. ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಮುಚ್ಚುತ್ತಾ ಬಂದರು. ಕಡ್ಡಿಗಳು ಒಂದೊಂದಾಗಿ ಬಿಡುವಾದವು. ನಾನು ಕತ್ತರಿ ಕೊಟ್ಟೆ. ಅತ್ತಿಗೆ ದಾರ ಕತ್ತರಿಸಿದರು.

ಅಜ್ಜಿ ಎದ್ದು ಬಂದರು. ಅಣ್ಣನ ಎರಡೂ ಕೈ ಮೇಲೆತ್ತಿಸಿದರು, ಮುಂದೆ ಚಾಚಿಸಿದರು, ಮಡಿಸಲು ಹೇಳಿದರು, ಒಂದು ಉಣ್ಣೆಯ ಮೂಟೆಯನ್ನು ಎತ್ತಿಸಿದರು. ಊದಿದ ಬೆರಳುಗಳಿಂದ ಬಲದ ತೋಳನ್ನು ಭುಜದಿಂದ ಸವರುತ್ತಾ ಇಳಿದು, ಮೊಣಕೈ ಕೆಳಗೆ ತಟ್ಟನೆ ನಿಂತರು.

"ಇಲ್ಲೆರಡು ಸುತ್ತು ಬಿಗಿ. ಏನಾಯ್ತು ಇಲ್ಲಿ?"

ಅತ್ತಿಗೆ ಅಣ್ಣನನ್ನು ಕೆಕ್ಕರಿಸಿ ನೋಡಿದರು. "ಅದು ಟೋಪಿ ವಿಷಯ ಅಜ್ಜಿ. ಮನೆ ಜಗಳ."

ಅಜ್ಜಿ ಜೋರಾಗಿ ನಕ್ಕರು. "ನನ್ನ ಗಂಡನ ಸ್ವೆಟರಲ್ಲಿ ಬೆನ್ನು ಪೂರ್ತಿ ಜಗಳವೇ ಇತ್ತು. ಅದಕ್ಕೇನೂ ಇಲ್ಲ. ಮುಗಿದಿದೆಯಲ್ಲ." ಎಂದು ತಮ್ಮ ಕುರ್ಚಿಯ ಮೇಲಿನ ದಿಂಬನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ದಿಂಬು ನಂದು. ಕುರ್ಚಿ ನಿಂದು. ಕೂತ್ಕೋ."

ಅತ್ತಿಗೆ ಕುಳಿತರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಆಫೀಸಿನಲ್ಲಿ ದಿನವೂ ಹೇಳುವುದೇ ಅವರ ಬಾಯಿಗೆ ಬಂತು: "ನಮಸ್ಕಾರ, ನಿಮ್ಮ ದೂರು ಏನು ಹೇಳಿ?"

ಮೇಜೆಲ್ಲ ನಕ್ಕಿತು. ನಿವೃತ್ತ ಡ್ರೈವರು ಹಕ್ಕಿಗೂಡಿನಂತೆ ಸಿಕ್ಕುಗಟ್ಟಿದ ಕೆಂಪು ದಾರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ನನ್ನ ದೂರು ಇದೇ ಮೇಡಂ, ಮೊಮ್ಮಗಳಿಗೆ ಅಂತ ಶುರು ಮಾಡಿದ್ದು" ಎಂದರು. ಅತ್ತಿಗೆ ಎದ್ದು ಅವರ ಪಕ್ಕಕ್ಕೆ ಹೋದರು. ಸಿಕ್ಕಿನ ತುದಿ ಹುಡುಕುತ್ತಾ ಮೊಮ್ಮಗಳಿಗೆ ಏನು ಹೆಣೆಯುತ್ತೀರಿ, ಅವಳು ಎಷ್ಟು ಎತ್ತರ, ಯಾವ ಬಣ್ಣ ಇಷ್ಟ ಎಂದು ಕೇಳತೊಡಗಿದರು. ಅವರು ಅಷ್ಟು ನಿರಾಳವಾಗಿ, ಅಷ್ಟು ಸಂತೋಷವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಾಗಿಲ ಬಳಿ ಅಣ್ಣ ಕುತ್ತಿಗೆಯ ಪಟ್ಟಿ ಎಳೆದುಕೊಳ್ಳುತ್ತಾ, "ನಾನಿನ್ನು ಇದನ್ನ ಬಿಚ್ಚಲಾ? ಒಳಗೆ ಬೇಯ್ತಾ ಇದೀನಿ" ಎಂದು ಮೆಲ್ಲಗೆ ಕೇಳಿದ.

"ಬಿಚ್ಚೋದಾ?" ಅತ್ತಿಗೆ ತಲೆಯೆತ್ತದೆ ಹೇಳಿದರು. "ಬನ್ನಿ ಇಲ್ಲಿ, ಮೇಜಿನ ಮುಂದೆ ನಿಂತ್ಕೊಳ್ಳಿ. ತೋಳು ಎಲ್ಲಿಂದ ಶುರು ಮಾಡ್ಬೇಕು ಅಂತ ಇವರಿಗೆಲ್ಲ ತೋರಿಸ್ಬೇಕು."

ಅಣ್ಣ ಹೋಗಿ ನಿಂತ. ಬೇಕರಿಯವರ ಹೆಂಡತಿ ಅವನಿಗೊಂದು ಲೋಟ ತಣ್ಣೀರು ಕೊಟ್ಟರು. ಎಂಟು ಕೈಗಳು ಒಟ್ಟಿಗೆ ಅವನ ಭುಜ ಮುಟ್ಟಲು ಬಂದವು.